ತಿರುಗ್ಸೋವಾಗ್ಲಾ, ತಿರುಗೋವಾಗ್ಲಾ?

ಕೇಳಿದವರ ಒಂದು ಕೈಯಲ್ಲಿ ಅರ್ಧ ಕಚ್ಚಿದ ಬೋಂಡ ಇತ್ತು, ಇನ್ನೊಂದು ಕೈ ಗ್ರೀಸಲ್ಲಿ ಕರ್ರಗಾಗಿತ್ತು. ಕೇಳಿಸ್ಕೊಂಡ ನಾನು 16 ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಪಾಠ ಮಾಡ್ತಿರೋಳು. "ತಿರುಗ್ಸೋವಾಗ್ಲಾ, ತಿರುಗೋವಾಗ್ಲಾ ಮೇಡಮ್ಮೋರೆ?" ಅಂದ್ರು. ನಂಗೆ ಉತ್ತರ ಬರ್ಲಿಲ್ಲ. ಸೋಮವಾರ ಸಂಜೆ ಆಗಿದ್ದು ಇದು, ಇವತ್ತು ಶನಿವಾರ, ಇನ್ನೂ ಪಾತ್ರೆ ತೊಳೆಯುವಾಗ, ಬೋರ್ಡ್ ಒರೆಸುವಾಗ, ಮೊನ್ನೆ ರಾತ್ರಿ ಒಂದೂವರೆಗೆ ಎಚ್ಚರ ಆಗಿ ನೀರು ಕುಡಿಯುವಾಗ್ಲೂ ಅದೇ ಮಾತು ಕಿವೀಲಿ.

ನಮ್ದು 2013ರ ಬಿಳಿ ಕಾರು, ಸೆಕೆಂಡ್ ಹ್ಯಾಂಡು, 92,000 ಕಿಲೋಮೀಟರ್ ಓಡಿದೆ. ಯಾವ ಕಂಪನಿ ಅಂತ ಕೇಳ್ಬೇಡಿ, ಪಾಪ ಅದರದ್ದೇನೂ ತಪ್ಪಿಲ್ಲ, ತಪ್ಪೆಲ್ಲ ರಸ್ತೇದು. ತಿಪಟೂರಿಂದ ನಮ್ಮ ಸ್ಕೂಲಿಗೆ 18 ಕಿಲೋಮೀಟರ್, ಅದರಲ್ಲಿ ಹೈವೇ ಬಿಟ್ಟು ಒಳಗೆ ತಿರುಗಿದ ಮೇಲಿನ 7 ಕಿಲೋಮೀಟರ್ ಗುಂಡಿಗಳ ಮಧ್ಯೆ ಅಲ್ಲಲ್ಲಿ ಟಾರು ಹಾಕಿದ್ದಾರೆ. ಜೂನಲ್ಲಿ ಸ್ಕೂಲ್ ಶುರು ಆದಾಗ ಎಲ್ಲಾ ಸರಿ ಇತ್ತು. ಆಮೇಲೆ ಮಳೆ ಬಂತು, ಗುಂಡಿಗಳು ನೀರು ತುಂಬ್ಕೊಂಡು ಆಳ ಎಷ್ಟು ಅಂತ ಗೊತ್ತಾಗದಂಗೆ ಆದ್ವು, ಒಂದಿನ ಒಂದು ಗುಂಡಿಗೆ ಎಡಗಡೆ ಚಕ್ರ ಇಳಿದಿದ್ದು ನನ್ನ ಸೊಂಟಕ್ಕೂ ನೆನಪಿದೆ. ಅದಾದ ವಾರಕ್ಕೆ ಸ್ಕೂಲ್ ಗೇಟ್ ಹತ್ರ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಅಂತು. ನಮ್ಮ ಗೇಟು ಎಷ್ಟು ಕಿರಿದು ಅಂದ್ರೆ ಎರಡು ಸಲ ಹಿಂದೆ ಮುಂದೆ ಮಾಡದೆ ಒಳಗೆ ಹೋಗಕ್ಕಾಗಲ್ಲ, ಹಾಗಾಗಿ ದಿನಾ ಬೆಳಗ್ಗೆ ಪ್ರಾರ್ಥನೆಗೆ ನಿಂತ ಇನ್ನೂರು ಮಕ್ಕಳ ಮುಂದೆ ಟಕ್, ಟಕ್ ಟಕ್. ಮೂರೇ ದಿನಕ್ಕೆ ಎಂಟನೇ ಕ್ಲಾಸ್ ಹುಡುಗರು ನಾನು ಕಾರಿಡಾರಲ್ಲಿ ಹೋಗ್ತಿದ್ರೆ ನಾಲಿಗೇಲಿ ಟಕ್ ಅನ್ನಿಸಕ್ಕೆ ಶುರು ಮಾಡಿದ್ರು.

ಅನುಕರಣಾವ್ಯಯ ಅಂತ ಒಂದು ಪಾಠ ಇದೆ, ಎಲ್ರೂ ಓದೇ ಇರ್ತೀರಿ. ಕೇಳಿದ ಶಬ್ದಾನ ಕೇಳಿದಂಗೇ ಅನುಕರಣೆ ಮಾಡಿ ಹೇಳೋ ಪದಗಳು: ಧಗಧಗ, ಪಟಪಟ, ಚಟಚಟ, ಕರಕರ. ಒಂದು ಅಂಕದ ಪ್ರಶ್ನೆ, ಎಂಥ ಮಕ್ಕಳಾದ್ರೂ ತಪ್ಪು ಮಾಡಲ್ಲ, ನಾನೂ ಹತ್ತು ನಿಮಿಷದಲ್ಲಿ ಮುಗಿಸಿ ಮುಂದಕ್ಕೆ ಹೋಗ್ತೀನಿ. ಆದ್ರೆ ನಿಜವಾದ ಒಂದು ಶಬ್ದ ಕೈಗೆ ಸಿಕ್ಕಾಗ ಅದು ಎಂಥ ಪೇಚು ಅಂತ ಈ ತಿಂಗಳು ಗೊತ್ತಾಯ್ತು ನೋಡಿ. ನಂಗೆ ಅದು ಟಕ್. ನಮ್ಮನೆಯವರಿಗೆ ಕಟಕಟ. ಗಣಿತದ ಮೇಷ್ಟ್ರು ಪಕ್ಕದ ಸೀಟಲ್ಲಿ ಕೂತು ಕಣ್ಣು ಮುಚ್ಚಿ ಕೇಳಿ ಟಿಕ್ ಟಿಕ್ ಅಂದ್ರು, ಸೆಕೆಂಡಿಗೆ ಎಷ್ಟು ಅಂತ ಎಣಿಸಕ್ಕೂ ಹೋದ್ರು. ಪಿಟಿ ಮೇಷ್ಟ್ರಿಗೆ ಮಾತ್ರ ಧಡ್ ಧಡ್. ಅವರಿಗೆ ಎಲ್ಲಾನೂ ಧಡ್ ಧಡ್ಡೇ, ಅದು ಬಿಡಿ.

ಮೊದಲ ಪತ್ತೇದಾರಿ ನಮ್ಮನೆಯವರದ್ದು. ಟಾರ್ಚ್ ಹಿಡ್ಕೊಂಡು ಟೈರ್ ಮುಂದೆ ಕೂತು, ಅದರ ಗೆರೆಗಳ ಸಂದೀಲಿ ಸಿಕ್ಕಿದ್ದ ಒಂದು ಜಲ್ಲಿಕಲ್ಲನ್ನ ಸ್ಕ್ರೂಡ್ರೈವರಲ್ಲಿ ಕಿತ್ತು, ಹಲ್ಲು ಕಿತ್ತ ಡಾಕ್ಟ್ರ ಥರ ಎತ್ತಿ ತೋರಿಸಿದ್ರು. ಸುಳ್ಳು ಹೇಳಬಾರ್ದು, ಅದರಿಂದ ಒಂದು ಸದ್ದು ನಿಜವಾಗ್ಲೂ ನಿಂತಿತು. ನೆಟ್ಟಗೆ ಹೋಗುವಾಗ್ಲೂ ಬರ್ತಿದ್ದ, ಸ್ಪೀಡ್ ಜಾಸ್ತಿ ಆದಂಗೆ ಜಾಸ್ತಿ ಆಗ್ತಿದ್ದ ಚಿಟಿಚಿಟಿ ಒಂದಿತ್ತು, ಅದು ಹೋಯ್ತು. ಗಣಿತದ ಮೇಷ್ಟ್ರು ಎಣಿಸಿದ್ದು ಬಹುಶಃ ಅದನ್ನೇ. ಗೇಟ್ ಹತ್ರದ ಟಕ್ ಮಾತ್ರ ಹಾಗೇ ಇತ್ತು. ಪಿಟಿ ಮೇಷ್ಟ್ರು ಬಂದು ಪಾನಾ ಹಿಡ್ಕೊಂಡು ನಾಲ್ಕೂ ಚಕ್ರದ ನಟ್ ಬಿಗಿ ಇದ್ಯಾ ನೋಡಿದ್ರು. ಅವರ ಬಗ್ಗೆ ನಾನು ಏನೇ ಅಂದ್ರೂ ಇದು ಒಳ್ಳೇ ಕೆಲಸ, ಸದ್ದು ಬಂದಾಗ ಮೊದಲು ನೋಡಬೇಕಾದ್ದೇ ಅದು, ದುಡ್ಡೂ ಖರ್ಚಿಲ್ಲ. ನಟ್ಟೆಲ್ಲ ಬಿಗಿಯಾಗೇ ಇದ್ವು. "ಹಂಗಾದ್ರೆ ಆಕ್ಸಲ್ಲೇ ಮೇಡಮ್, ಹೀಗೇ ಓಡಿಸಿದ್ರೆ ಒಂದಿನ ಚಕ್ರ ನಿಮಗಿಂತ ಮುಂಚೆ ಸ್ಕೂಲಿಗೆ ಬರತ್ತೆ" ಅಂದ್ಬಿಟ್ಟು ಹೋದ್ರು. ಯೂಟ್ಯೂಬ್ ಕೂಡ ಅವರ ಪರ. ಎಷ್ಟು ವಿಡಿಯೋ ನೋಡಿದೆ ಲೆಕ್ಕ ಇಲ್ಲ, ಎಲ್ಲರ ಬಾಯಲ್ಲೂ ಸಿವಿ ಜಾಯಿಂಟ್, ಸಿವಿ ಜಾಯಿಂಟ್, ಅಂದ್ರೆ ಚಕ್ರ ಸುತ್ತಿಸೋ ಆಕ್ಸಲ್ ತುದಿಯ ಕೀಲು. ಕನಸಲ್ಲೂ ಬರಕ್ಕೆ ಶುರು ಆಯ್ತು.

ಹಾಗಾಗಿ ಹೋದ ಶನಿವಾರ ಬೆಳಗ್ಗೆ ಕ್ಲಾಸ್ ಮುಗಿಸಿ ತುಮಕೂರಿನ ದೊಡ್ಡ ಸರ್ವೀಸ್ ಸೆಂಟರಿಗೆ ಹೋದ್ವಿ. 70 ಚಿಲ್ಲರೆ ಕಿಲೋಮೀಟರ್. ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ ದಾರೀಲಿ ಒಂದು ಕಡೆ ಕೂಡ ಸದ್ದು ಇಲ್ಲ, ನೆಟ್ಟಗಿನ ರಸ್ತೇಲಿ ಅದು ಒಳ್ಳೇ ಮಗು. ಒಳಗೆ ಎಸಿ, ಕಾಫಿ ಮೆಷೀನು, ಗಾಜಿನ ಆಚೆ ಮೇಲಕ್ಕೆತ್ತಿರೋ ಕಾರುಗಳು. ಟ್ಯಾಬ್ ಹಿಡ್ಕೊಂಡ ಒಬ್ಬ ಹುಡುಗ ಬಂದ, ಬಂದವನೇ ನಮ್ಮನೆಯವರನ್ನ ನೋಡಿ "ಸರ್ ಏನ್ ಕಂಪ್ಲೇಂಟು?" ಅಂದ.

ಇಲ್ಲಿ ಒಂದು ವಿಷಯ ಹೇಳ್ಬೇಕು. ನಮ್ಮನೆಯವರಿಗೆ ಡ್ರೈವಿಂಗ್ ಬರಲ್ಲ. ಎಲ್‌ಎಲ್‌ಆರ್ ಮೂರು ಸಲ ಮಾಡಿಸಿದ್ದಾರೆ, ಮೂರು ಸಲಾನೂ ಆರು ತಿಂಗಳು ಮುಗಿದು ರದ್ದಾಗಿದೆ. ಸೊಸೈಟಿಯ ಲೆಕ್ಕಪತ್ರದಲ್ಲಿ ಹುಲಿ, ಕ್ಲಚ್ಚಲ್ಲಿ ಇಲಿ. "ನಂಗೊತ್ತಿಲ್ಲಪ್ಪ, ಓಡ್ಸೋದು ಅವಳೇ, ಅವಳನ್ನೇ ಕೇಳು" ಅಂದ್ರು ಪಾಪ. ಆ ಹುಡುಗ ನನ್ನ ಕಡೆ ಒಂದು ಸಲ ನೋಡಿ, ಮತ್ತೆ ಅವರ ಕಡೆನೇ ತಿರುಗಿ "ಮೇಡಮ್ ಸ್ಟೀರಿಂಗ್ ಫುಲ್ ಕಟ್ ಮಾಡಿ ಹಾಗೇ ಹಿಡ್ಕೊಂಡಿರ್ತಾರಾ ಸರ್?" ಅಂದ. ನಾನು ಅಲ್ಲೇ ಎರಡು ಅಡಿ ದೂರದಲ್ಲಿ ನಿಂತಿದ್ದೀನಿ! ನಾನು ಶುರು ಮಾಡಿದೆ, ಮಳೆ, ಗುಂಡಿ, ಗೇಟು, ಎಡಕ್ಕೂ ಬರತ್ತೆ ಬಲಕ್ಕೂ ಬರತ್ತೆ, ಗಾಡಿ ನಿಂತಾಗ್ಲೂ ಬರತ್ತೆ... "ಹೌದು ಮೇಡಮ್, ಹೌದು." ಅವನ ಬೆರಳು ಆಗ್ಲೇ ಟೈಪ್ ಮಾಡಿ ಮುಗಿಸಿತ್ತು. ಬಗ್ಗಿ ನೋಡಿದೆ, ಎರಡೇ ಪದ: ಫ್ರಂಟ್ ನಾಯ್ಸ್. ನನ್ನ ಮೂರು ವಾರದ ಕಥೆ ಎರಡು ಪದ.

ಯಾರೋ ಒಬ್ಬರು ಕಾರನ್ನ ಅಂಗಳದಲ್ಲಿ ಒಂದು ಸುತ್ತು ತಗೊಂಡ್ರು, ಮೇಲಕ್ಕೆತ್ತಿದ್ರು, ಇಳಿಸಿದ್ರು. ಒಂದು ಗಂಟೆ ಆದ್ಮೇಲೆ ಎಸ್ಟಿಮೇಟ್ ಬಂತು: ಡ್ರೈವ್ ಶಾಫ್ಟ್ ಅಸೆಂಬ್ಲಿ, ಅಂದ್ರೆ ಜಾಯಿಂಟ್ ಸಮೇತ ಆಕ್ಸಲ್, ಎರಡೂ ಸೈಡು, ಲೇಬರ್, ಟ್ಯಾಕ್ಸ್ ಎಲ್ಲಾ ಸೇರಿ ₹23,600. ಪಾರ್ಟ್ ಬರಕ್ಕೆ ನಾಲ್ಕು ದಿನ. ನಮ್ಮನೆಯವರು ಕಾಫಿ ಲೋಟ ನಿಧಾನಕ್ಕೆ ಕೆಳಗಿಟ್ರು. "ಯೋಚನೆ ಮಾಡಿ ಹೇಳ್ತೀವಿ" ಅಂತ ಎದ್ದು ಬಂದ್ವಿ. ಬರ್ತಾ ಕೆ.ಬಿ. ಕ್ರಾಸಲ್ಲಿ ಟೀ ಕುಡಿದು ಕಾರು ವಾಪಸ್ ತಿರುಗಿಸುವಾಗ ಟಕ್ ಅಂತು, ಇಬ್ರೂ ಮಾತಾಡ್ಲಿಲ್ಲ. ಆ ಹುಡುಗನ್ನ ಬೈಯೋದು ಸುಲಭ. ದಾರಿ ಪೂರ್ತಿ ಬೈದೆ ಕೂಡ. ಅವನಿಗೂ ದಿನಕ್ಕೆ ಇಷ್ಟು ಗಾಡಿ ಅಂತ ಇರತ್ತೆ, ಮೇಲಿನವರು ಕೂಗ್ತಿರ್ತಾರೆ, ಕುತ್ತಿಗೇಲಿ ಟೈ ಬೇರೆ. ಆದ್ರೂ ಎರಡು ಅಡಿ ದೂರದಲ್ಲಿದ್ದೆ ಮಾರಾಯಾ.

ಸೋಮವಾರ ಪಿಟಿ ಮೇಷ್ಟ್ರೇ ಒಂದು ಗ್ಯಾರೇಜ್ ಹೇಳಿದ್ರು. ಕೊಬ್ಬರಿ ಮಂಡಿಗಳ ಹಿಂದಿನ ರಸ್ತೆ, ಬೋರ್ಡಿಲ್ಲ, ಶೀಟ್ ಹೊದಿಸಿರೋ ಶೆಡ್ಡು, ಮುಂದೊಂದು ಹಳೇ ಅಂಬಾಸಿಡರ್ ಅರ್ಧ ಮಣ್ಣಲ್ಲಿ ಹೂತ್ಕೊಂಡು ಅದರ ಬಾನೆಟ್ ಮೇಲೆ ಬೆಕ್ಕು. ಯಜಮಾನ್ರಿಗೆ ಅರವತ್ತು ದಾಟಿರಬಹುದು. ಹೆಸರು ಹಾಕಲ್ಲ, ಅವರಿಗೆ ಅದೆಲ್ಲ ಇಷ್ಟ ಆಗಲ್ಲ. ನಾನು ಇಳಿದು ಹೋಗಿ, ಈ ಸಲ ಬುದ್ಧಿವಂತೆ ಥರ, ಕಲ್ತಿದ್ದನ್ನೆಲ್ಲ ಒಪ್ಪಿಸಿದೆ: "ಸ್ಟೀರಿಂಗ್ ತಿರುಗಿಸಿದಾಗ ಕ್ಲಿಕ್ಕಿಂಗ್ ನಾಯ್ಸ್ ಬರತ್ತೆ, ಸಿವಿ ಜಾಯಿಂಟ್ ಹೋಗಿರಬೇಕು, ಡ್ರೈವ್ ಶಾಫ್ಟ್ ಅಂತಿದ್ದಾರೆ." ಅವರು ಬೋಂಡ ಕಚ್ಚಿದ್ರು, ಅಗಿದ್ರು, ನುಂಗಿದ್ರು. ಆಮೇಲೆ ಕೇಳಿದ್ರು.

"ತಿರುಗ್ಸೋವಾಗ್ಲಾ, ತಿರುಗೋವಾಗ್ಲಾ ಮೇಡಮ್ಮೋರೆ?"

"ಎರಡೂ ಒಂದೇ ಅಲ್ವಾ?" ಅಂದೆ ನಾನು.

ದಯವಿಟ್ಟು ಗಮನಿಸಿ, ಕನ್ನಡ ಎಂ.ಎ. ನಾನು.

"ಒಂದೇ ಆಗಿದ್ರೆ ನಾನ್ಯಾಕೆ ಕೇಳ್ತಿದ್ದೆ" ಅಂದ್ರು ಅವರು, ಒಂಚೂರೂ ವ್ಯಂಗ್ಯ ಇಲ್ಲದೆ, ಬೋಂಡದ ಪೇಪರಲ್ಲಿ ಕೈ ಒರೆಸ್ಕೊಳ್ತಾ. "ನೀವು ಚಕ್ರ ತಿರುಗ್ಸೋದು ಬೇರೆ. ಗಾಡಿ ತಿರುಗೋದು ಬೇರೆ. ನಿಂತಿದ್ದಾಗ ಬರೀ ಸ್ಟೇರಿಂಗ್ ಆಡ್ಸುದ್ರೆ ಬತ್ತದಾ?" ಬರತ್ತೆ ಅಂದೆ. ಎರಡು ದಿನದ ಹಿಂದೆ ಅದೇ ಮಾತಿಗೆ ಹೌದು ಮೇಡಮ್ ಹೌದು ಅಂತ ಸಿಕ್ಕಿತ್ತು. ಇವರು ಅದನ್ನ ಕೇಳಿ ಸುಮ್ಮನೆ ನಿಂತ್ರು, ಕಾರಿನ ಮೂತಿ ಕಡೆ ನೋಡಿದ್ರು, "ಹತ್ತಿ" ಅಂದ್ರು.

ಮುಂದಿನ ಅರ್ಧ ಗಂಟೆ ನಂಗೆ ನಡೆದ ಪಾಠ ಹೇಳಿದ್ರೆ ನಿಮಗೂ ಉಪಯೋಗ ಆಗಬಹುದು. ಸದ್ದು ಎರಡು ಜಾತಿ ಅಂತೆ. ಗಾಡಿ ಓಡ್ತಾ, ಸ್ಟೀರಿಂಗ್ ಪೂರ್ತಿ ಒಂದು ಕಡೆಗಿದ್ದು, ಆಕ್ಸಿಲರೇಟರ್ ಒತ್ತಿದಾಗ ಚಕ್ರದ ಸುತ್ತಿನ ಜೊತೆ ಕಟ್ ಕಟ್ ಕಟ್ ಅಂತ ಬಂದು, ಸ್ಪೀಡಾದಂಗೆ ಅದೂ ಸ್ಪೀಡಾದ್ರೆ ಅದು ತಿರುಗೋವಾಗಿನ ಸದ್ದು, ಆಕ್ಸಲ್ ತುದಿಯ ಜಾಯಿಂಟ್ ಮೇಲೇ ಅನುಮಾನ. ಗಾಡಿ ನಿಂತೇ ಇದ್ದು, ಬರೀ ಸ್ಟೀರಿಂಗ್ ಆಡಿಸಿದ್ರೂ ಟಕ್ ಅಂತ ಬಂದ್ರೆ ಆಕ್ಸಲ್ ಸುತ್ತುತ್ತಲೇ ಇಲ್ವಲ್ಲ, ಅದು ಹೇಗೆ ಕೂಗತ್ತೆ? ಅದು ತಿರುಗ್ಸೋವಾಗಿನ ಸದ್ದು. ಸ್ಟೀರಿಂಗಿಂದ ಕೆಳಗಿಳಿಯೋ ರಾಡ್‌ನ ಕ್ರಾಸ್ ಇರಬಹುದು, ಟೈ ರಾಡ್ ಇರಬಹುದು, ಬಾಲ್ ಜಾಯಿಂಟ್ ಇರಬಹುದು, ಶಾಕಬ್ಸರ್ ಮೇಲಿನ ಮೌಂಟಿಂಗ್ ಇರಬಹುದು. ಸ್ಟೀರಿಂಗ್ ಒಳಗೇ ಒಂದು ಸುರುಳಿ ವೈರಿನ ಪಟ್ಟಿ ಇರತ್ತಂತೆ, ಅದು ಕೆಟ್ರೆ ಸದ್ದು ಎದೆ ಮುಂದೇನೇ ಬರತ್ತೆ, ಹಾರ್ನ್ ಕೈ ಕೊಡತ್ತೆ, ಏರ್‌ಬ್ಯಾಗ್ ಲೈಟ್ ಹತ್ಕೊಳತ್ತೆ. ನಮ್ಮ ಹಾರ್ನು ಊರಿಗೆಲ್ಲ ಕೇಳೋಷ್ಟು ಗಟ್ಟಿ, ಹಾಗಾಗಿ ಅದನ್ನ ಬಿಟ್ರು.

ಜಾಕ್ ಹಾಕಿ ಎತ್ತಿ ಚಕ್ರಾನ ಮೇಲೆ ಕೆಳಗೆ ಹಿಡ್ಕೊಂಡು ಅಲ್ಲಾಡಿಸಿದ್ರು, ಆಮೇಲೆ ಎಡಬಲ ಹಿಡ್ಕೊಂಡು ಅಲ್ಲಾಡಿಸಿದ್ರು. ಗಡಿಯಾರದ ಹನ್ನೆರಡು ಆರು, ಮೂರು ಒಂಬತ್ತು. ಮೇಲೆ ಕೆಳಗೆ ಆಟ ಇದ್ರೆ ವೀಲ್ ಬೇರಿಂಗೋ ಬಾಲ್ ಜಾಯಿಂಟೋ, ಎಡಬಲ ಆಟ ಇದ್ರೆ ಟೈ ರಾಡು. ಬಾಲ್ ಜಾಯಿಂಟಿಗೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿ ಬೇರೆ ನೋಡಿದ್ರು. "ಇದ್ರಲ್ಲಿ ಆಟ ಇದ್ರೆ ಮಾತ್ರ ಗಾಡಿ ಇಲ್ಲೇ ಬಿಟ್ಟು ಹೋಗ್ಬೇಕು, ಕಳಚ್ಕೊಂತು ಅಂದ್ರೆ ಚಕ್ರ ಒಂದ್ಕಡೆ ನೀವೊಂದ್ಕಡೆ." ಆಟ ಇರ್ಲಿಲ್ಲ. ಪಿಟಿ ಮೇಷ್ಟ್ರ ಭವಿಷ್ಯವಾಣಿ ತಪ್ಪೇ ಹೋಯ್ತು.

ಗಾಡಿ ಇಳಿಸಿ ನೆಲಕ್ಕೆ ನಿಲ್ಲಿಸಿದ್ಮೇಲೆ ಅವರು ಎಡ ಚಕ್ರದ ಹತ್ರ ಕುಕ್ಕರಗಾಲಲ್ಲಿ ಕೂತು, ಮೇಲಿನ ಸ್ಪ್ರಿಂಗ್ ಸುರುಳಿ ಮೇಲೆ ಕೈ ಇಟ್ರು. ನಾನು ಒಳಗೆ ಕೂತು ನಿಧಾನಕ್ಕೆ ತಿರುಗಿಸಿದೆ. "ಇನ್ನೂ... ಇನ್ನೂ... ಹಾಂ!" ಟಕ್. "ಬನ್ನಿ ಇಲ್ಲಿ, ನೀವೇ ಮುಟ್ಟಿ. ಸಂದಿಗೆ ಬೆರಳು ಹಾಕ್ಬ್ಯಾಡಿ, ಹೊರಗಡೆಯಿಂದ." ಸ್ಟೀರಿಂಗ್ ಆಡ್ಸಕ್ಕೆ ಜನ ಬೇಕಲ್ಲ, ನಮ್ಮನೆಯವರನ್ನ ಕೂರಿಸಿದ್ರು. ಮೂರು ಎಲ್‌ಎಲ್‌ಆರ್ ಆದ್ಮೇಲೆ ಆ ಮನುಷ್ಯ ನಮ್ಮ ಕಾರಿನ ಡ್ರೈವರ್ ಸೀಟಲ್ಲಿ ಕೂತಿದ್ದು ಅವತ್ತೇ, ಮುಖ ನೋಡಬೇಕಿತ್ತು ನೀವು, ಸೀಟ್ ಬೆಲ್ಟ್ ಕೂಡ ಹಾಕ್ಕೊಂಡ್ರು. ಅವರು ತಿರುಗಿಸ್ತಾ ಹೋದ್ರು, ನನ್ನ ಅಂಗೈ ಕೆಳಗೆ ಸ್ಪ್ರಿಂಗು ತಿರುಗದೆ ಬಿಗೀತಾ ಹೋಯ್ತು, ಬಿಗೀತಾ ಬಿಗೀತಾ, ಆಮೇಲೆ ಒಂದೇ ಸಲಕ್ಕೆ ಜಾಡಿಸ್ತು. ಕರು ಒದ್ದಂಗೆ. ಆ ಒದೆತ ಮತ್ತೆ ಆ ಟಕ್ ಎರಡೂ ಒಂದೇ ಕ್ಷಣ. ಮೂರು ವಾರ ಕಿವೀಲಿ ಹುಡುಕಿದ್ದು ಕೈಗೆ ಸಿಕ್ತು.

ಆಗೋದು ಇಷ್ಟೇ. ಮುಂದಿನ ಚಕ್ರ ತಿರುಗಿದ್ರೆ ಅದರ ಮೇಲಿನ ಸ್ಪ್ರಿಂಗೂ ಜೊತೆಗೇ ತಿರುಗಬೇಕು, ತಿರುಗಕ್ಕೆ ಅಂತ ಮೇಲ್ತುದಿಯ ಮೌಂಟಿಂಗಲ್ಲಿ ಒಂದು ಚಪ್ಪಟೆ ಬೇರಿಂಗ್ ಇರತ್ತೆ. ಅದಕ್ಕೆ ಧೂಳು ನೀರು ಹೋಗಿ ತುಕ್ಕು ಹಿಡಿದು ಜಾಮ್ ಆದ್ರೆ ಸ್ಪ್ರಿಂಗ್ ಕೆಳಗೆ ತಿರುಗತ್ತೆ ಮೇಲೆ ತಿರುಗಲ್ಲ, ಹುರಿಗೊಳತ್ತೆ, ತಡೀದೇ ಇದ್ದಾಗ ಜಾರಿ ಹಾರತ್ತೆ. ನಮ್ಮ ಕಡೆ ತೆಂಗಿನ ನಾರಿನ ಹಗ್ಗ ಹೊಸೆಯೋದು ನೋಡಿದವರಿಗೆ ಹೇಳಬೇಕಾಗಿಲ್ಲ, ಹುರಿ ಜಾಸ್ತಿ ಆಗಿ ಒಂದು ತುದಿ ಕೈ ಜಾರಿದ್ರೆ ಹೇಗೆ ಚಿಮ್ಮತ್ತೆ ಅಂತ.

ಅಷ್ಟಕ್ಕೇ ಬಿಡ್ಲಿಲ್ಲ ಅವರು, ಅದೇ ನಂಗೆ ಹಿಡಿಸಿದ್ದು. ಮಂಡಿ ಮುಂದಿನ ಖಾಲಿ ಜಾಗಕ್ಕೆ ಕರ್ಕೊಂಡು ಹೋಗಿ, ಸ್ಟೀರಿಂಗ್ ಪೂರ್ತಿ ಎಡಕ್ಕೆ ಹಾಕಿ ನಾಲ್ಕು ಸುತ್ತು, ಬಲಕ್ಕೆ ಹಾಕಿ ನಾಲ್ಕು ಸುತ್ತು, ಒಂಚೂರು ಆಕ್ಸಿಲರೇಟರ್ ಕೊಟ್ಟು, ಆಮೇಲೆ ರಿವರ್ಸಲ್ಲೂ. ಕಿಟಕಿ ಗಾಜು ಇಳಿಸಿ ತಲೆ ಹೊರಗೆ ಹಾಕಿ ಕೇಳಿಸ್ಕೊಂಡ್ರು. ಸುತ್ತಿನ ಜೊತೆ ಬರೋ ಕಟ್ ಕಟ್ ಇಲ್ವೇ ಇಲ್ಲ. ಆದ್ರೆ ವಾಪಸ್ ಬಂದು ಚಕ್ರ ಬಿಚ್ಚಿದಾಗ ಎಡಗಡೆ ಆಕ್ಸಲ್ ತುದಿಯ ರಬ್ಬರ್ ಬೂಟು, ಮಡಿಕೆ ಮಡಿಕೆ ಇರತ್ತಲ್ಲ, ಅದರ ಒಂದು ಮಡಿಕೇಲಿ ಸೀಳು. ಚಕ್ರದ ಒಳಮೈಗೆ ಗ್ರೀಸ್ ಚಿಮ್ಮಿ ಕೂತಿತ್ತು. "ತುಮ್ಕೂರ್ನೋರು ಇದ್ನ ನೋಡವ್ರೆ. ಸುಳ್ಳು ಹೇಳಿಲ್ಲ ಅವ್ರು. ನೋಡಿದ್ದು ಸರಿ, ಕೇಳಿಲ್ಲ ಅಷ್ಟೇಯ." ಗ್ರೀಸ್ ಹೊರಗೆ ಹೋಗಿ ಧೂಳು ಒಳಗೆ ಬಂದ್ರೆ ಒಳಗಿನ ಗುಂಡುಗಳು ಸವೆದು ಆಮೇಲೆ ಸದ್ದು ಶುರು, ಆಗ ಆ ಇಪ್ಪತ್ಮೂರು ಸಾವಿರದ ಮಾತು. ಇನ್ನೂ ಅಲ್ಲಿಗೆ ಬಂದಿಲ್ಲ, ಬಿಚ್ಚಿ ತೊಳೆದು ಹೊಸ ಗ್ರೀಸು ಹೊಸ ಬೂಟು ಹಾಕಿದ್ರೆ ಸಾಕು ಅಂದ್ರು. ಶನಿವಾರ ದಾರಿ ಪೂರ್ತಿ ಬೈದಿದ್ನಲ್ಲ, ಅದರಲ್ಲಿ ಅರ್ಧ ವಾಪಸ್ ತಗೋಬೇಕಾಯ್ತು.

ಅವರು ಕೆಲಸ ಕಲ್ತಿದ್ದು ಅಂಬಾಸಿಡರ್ ಪದ್ಮಿನಿ ಮೇಲೆ. ಅವುಗಳಲ್ಲಿ ದೂಡೋದು ಹಿಂದಿನ ಚಕ್ರ, ತಿರುಗೋದು ಮುಂದಿನ ಚಕ್ರ, ಅವರವರ ಕೆಲಸ ಅವರವರಿಗೆ. 1983ರಲ್ಲಿ ಮಾರುತಿ 800 ಬಂತು, ಮುಂದಿನ ಚಕ್ರಾನೇ ಗಾಡಿ ಎಳೀಬೇಕು, ಅದೇ ತಿರುಗ್ಲೂಬೇಕು. "ಸೊಸೆ ಇದ್ದಂಗೆ" ಅಂದ್ರು, ನಾನು ನಗಲಿಲ್ಲ, ನಮ್ಮನೆಯವರು ನಕ್ಕು ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ್ರು. ಮನೆಗೆ ಬಂದು ನಾನು ಓದಿದೆ. ಲಾರಿ ಕೆಳಗೆ ಉದ್ದ ಶಾಫ್ಟಲ್ಲಿ ಕಾಣತ್ತಲ್ಲ ಆ ಕ್ರಾಸ್ ಜಾಯಿಂಟು, ಅದು ಓರೆಯಾಗಿ ಸುತ್ತಿದ್ರೆ ಒಂದು ಸುತ್ತಲ್ಲಿ ಎರಡು ಸಲ ವೇಗ ಆಗತ್ತೆ ಎರಡು ಸಲ ನಿಧಾನ ಆಗತ್ತೆ. ಅಷ್ಟೊಂದು ತಿರುಗೋ ಮುಂದಿನ ಚಕ್ರಕ್ಕೆ ಅದನ್ನ ಹಾಕಿದ್ರೆ ಸ್ಟೀರಿಂಗ್ ಕೈಯಲ್ಲೇ ನಡುಗತ್ತೆ. ಎಷ್ಟೇ ಓರೆಯಾದ್ರೂ ವೇಗ ಏರುಪೇರು ಆಗದಂಗೆ ಆರು ಗುಂಡು ಇಟ್ಟು ಈ ಸಿವಿ ಜಾಯಿಂಟ್ ಮಾಡಿದವನು 1920ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಂಪನೀಲಿದ್ದ ಇಂಜಿನಿಯರು, ಆಲ್ಫ್ರೆಡ್ ಶೆಪ್ಪಾ. 1959ರಲ್ಲಿ ಇಂಗ್ಲೆಂಡಿನ ಮಿನಿ ಕಾರಿಗೆ ಅದನ್ನ ಹಾಕಿದ ಮೇಲೆ ಪುಟ್ಟ ಕಾರುಗಳು ಮುಂದಿನ ಚಕ್ರದಲ್ಲಿ ಎಳೆಯೋದು ಮಾಮೂಲಾಯ್ತು. ನಂಗಂತೂ ಆ ಹೆಸರು ಭಾಳ ಇಷ್ಟ ಆಯ್ತು. ಈರಪ್ಪ, ಸಿದ್ದಪ್ಪ, ಶೆಪ್ಪ. ನೊಣವಿನಕೆರೆ ಕಡೆಯವರು ಅಂದ್ರೂ ಯಾರೂ ಅನುಮಾನ ಪಡಲ್ಲ.

ಮಂಗಳವಾರ ಬುಧವಾರ ಬಸ್ಸಲ್ಲಿ ಹೋದೆ. ಬುಧವಾರ ಸಂಜೆ ಕಾರು ಸಿಕ್ತು. ಹಳೇ ಬೇರಿಂಗ್ ನನ್ನ ಕೈಗೆ ಕೊಟ್ರು, ಅಂಗೈ ಮೇಲಿಟ್ಟು ತಿರುಗಿಸಿದ್ರೆ ಗರಗರ ಅನ್ನತ್ತೆ, ಒಳಗೆ ಬರೀ ತುಕ್ಕಿನ ಪುಡಿ. ಸ್ಪ್ರಿಂಗನ್ನ ಅದಕ್ಕಂತಲೇ ಇರೋ ಸ್ಕ್ರೂ ಸಾಧನದಲ್ಲಿ ಬಿಗಿದು ಕಟ್ಟಿ ಆಮೇಲೇ ಬಿಚ್ಚೋದಂತೆ, ಹಾಗೇ ಬಿಚ್ಚಿದ್ರೆ ಹಾರಿ ಬಂದು ದವಡೆ ಹೋಗತ್ತೆ, ಮನೇಲಿ ಯೂಟ್ಯೂಬ್ ನೋಡ್ಕೊಂಡು ಈ ಕೆಲಸಕ್ಕೆ ಕೈ ಹಾಕ್ಬೇಡಿ. ಎರಡೂ ಕಡೆ ಮೌಂಟಿಂಗ್ ಬೇರಿಂಗ್ ₹2,600, ಬೂಟು ಗ್ರೀಸು ₹700, ಲೇಬರ್ ₹1,500, ಬೇರೆ ಕಡೆ ಅಲೈನ್ಮೆಂಟ್ ₹500. ನಮ್ಮನೆಯವರು ಕೂಡಿಸಿ ₹5,300 ಅಂತ ಮೂರು ಸಲ ಹೇಳಿದ್ರು, ಹೇಳ್ವಾಗೆಲ್ಲ ತುಮಕೂರಿನ ದಿಕ್ಕಿಗೆ ನೋಡಿದ್ರು.

ಇಲ್ಲಿಗೆ ಮುಗೀಬೇಕಿತ್ತು. ಸದ್ದು ನಿಂತಿದೆ. ಗುರುವಾರ ಗೇಟ್ ಹತ್ರ ಪೂರ್ತಿ ತಿರುಗಿಸಿದೆ, ಇನ್ನೂರು ಮಕ್ಕಳೂ ಕಿವಿ ನಿಗುರಿಸ್ಕೊಂಡು ನಿಂತಿದ್ರು, ಏನೂ ಇಲ್ಲ, ಎಂಟನೇ ಕ್ಲಾಸಿನ ಹುಡುಗರಿಗೆ ನಿರಾಶೆ. ಅದೇ ದಿನ ಒಂಬತ್ತನೇ ಕ್ಲಾಸಲ್ಲಿ ಪ್ರೇರಣಾರ್ಥಕ ತಗೊಂಡೆ. ಧಾತುವಿಗೆ ಇಸು ಪ್ರತ್ಯಯ. ಮಾಡು ಮಾಡಿಸು, ಓದು ಓದಿಸು, ತಿರುಗು ತಿರುಗಿಸು. ಪ್ರತೀ ವರ್ಷ ಬೋರ್ಡ್ ಮೇಲೆ ಎರಡು ಸಾಲು ಮಾಡಿ ಬರೀತೀನಿ, ಎಡಗಡೆ ಒಂದು ಬಲಗಡೆ ಒಂದು, ಮಕ್ಕಳು ನೋಟ್ಸ್ ಬರ್ಕೋತಾರೆ, ಬೆಲ್ ಹೊಡೆಯತ್ತೆ. ಈ ಸಲ ಕಾರಿನ ಕಥೆ ಹೇಳಿದೆ. ಒಂದು ಇಸು ಗೊತ್ತಿಲ್ಲದೆ ನಿಮ್ಮ ಮಿಸ್‌ಗೆ ಹದಿನೆಂಟು ಸಾವಿರ ಹೋಗ್ತಿತ್ತು ಅಂದಾಗ ಹೋ ಅಂತ ನಕ್ರು. ಹದಿನೆಂಟು ಸಾವಿರದ ಮುನ್ನೂರು ಅಂತ ಒಬ್ಬ ತಿದ್ದಿದ, ಗಣಿತದ ಮೇಷ್ಟ್ರ ಶಿಷ್ಯ.

ಆ ಕ್ಲಾಸಲ್ಲಿ ಒಂದು ಹುಡುಗಿ ಇದ್ದಾಳೆ, ನಗಲಿಲ್ಲ ಅವಳು, ಯಾವತ್ತೂ ಜಾಸ್ತಿ ನಗಲ್ಲ. ಓದಕ್ಕೆ ಎಬ್ಬಿಸಿದ್ರೆ ಎರಡನೇ ಸಾಲಿಗೆ ನಿಂತುಹೋಗ್ತಾಳೆ. ಅಕ್ಷರ ಗೊತ್ತು, ಒತ್ತಕ್ಷರ ಗೊತ್ತು, ಆದ್ರೂ ಗಂಟಲಲ್ಲಿ ಏನೋ ಸಿಕ್ಕಂಗೆ ಆಗಿ ಪಕ್ಕದವಳು ಮುಂದುವರಿಸ್ಬೇಕು. "ನಂಗೆ ಓದಕ್ಕಾಗಲ್ಲ ಮಿಸ್" ಅಂತ ಜೂನಲ್ಲೇ ಹೇಳಿದ್ಲು. ಆಗ್ಲಿ ಅಭ್ಯಾಸ ಮಾಡು ಅಂದು ನಾನು ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಬರ್ಕೊಂಡಿದ್ದೆ: ಓದು, ಹಿಂದೆ. ಎರಡು ಪದ. ಗುರುವಾರ ರಾತ್ರಿ ಪುಸ್ತಕ ತೆಗೆದಾಗ ಅದು ಕಣ್ಣಿಗೆ ಬಿತ್ತು ನೋಡಿ, ಆ ಟ್ಯಾಬ್ ಹಿಡಿದ ಹುಡುಗ ನೆನಪಾಗಿ ಬೆವರು ಬಂತು. ನನ್ನ ಕುತ್ತಿಗೇಲಿ ಟೈ ಇಲ್ಲ, ನಂಗೆ ದಿನಕ್ಕಿಷ್ಟು ಗಾಡಿ ಅಂತ ಇಲ್ಲ, ಆದ್ರೂ.

ನಿನ್ನೆ ಮಧ್ಯಾಹ್ನ ಬಿಸಿಯೂಟ ಆದ್ಮೇಲೆ ಅವಳು ನಲ್ಲಿ ಹತ್ರ ತಟ್ಟೆ ತೊಳೀತಿದ್ಲು. ಪಕ್ಕಕ್ಕೆ ಹೋಗಿ ನಿಂತೆ. ಹೇಗೆ ಕೇಳೋದು ಅಂತ ಗೊತ್ತಾಗ್ಲಿಲ್ಲ, ಬಾಯಿಗೆ ಬಂದಿದ್ದು ಅದೇ ಗ್ಯಾರೇಜಿನ ಭಾಷೆ.

"ಓದಕ್ಕಾಗಲ್ಲ ಅಂದ್ಯಲ್ಲ, ಓದೋವಾಗ್ಲಾ, ಓದ್ಸೋವಾಗ್ಲಾ?"

ಅವಳು ನನ್ನ ಥರ ಎರಡೂ ಒಂದೇ ಅಲ್ವಾ ಅನ್ನಲಿಲ್ಲ. ತಟ್ಟೆ ನೀರು ಕೊಡವಿ, ಒಂದು ಕ್ಷಣಾನೂ ಯೋಚನೆ ಮಾಡದೆ ಹೇಳಿದ್ಲು: "ಓದ್ಸೋವಾಗ ಮಿಸ್."

ಮನೇಲಿ ತಮ್ಮನಿಗೆ ದಿನಾ ರಾತ್ರಿ ಕಥೆ ಓದ್ತಾಳಂತೆ. ಜೋರಾಗಿ. ನಮ್ಮ ಲೈಬ್ರರಿ ಬೀರೂನಲ್ಲಿರೋ ಪುಸ್ತಕಾನೇ, ಏಳೆಂಟು ಆಗಿದೆ ಅಂದ್ಲು. ಬೀರೂ ಬೀಗದ ಕೈ ಇರೋದು ನನ್ನ ಹತ್ರ, ಪುಸ್ತಕ ಕೊಟ್ಟು ಸಹಿ ತಗೊಳ್ಳೋಳೂ ನಾನೇ. ನಲವತ್ತೆರಡು ಜನರ ಮುಂದೆ ಎಬ್ಬಿಸಿ ನಿಲ್ಲಿಸಿ ಓದು ಅನ್ನೋಳೂ ನಾನೇ. ಸೋಮವಾರ ಅವಳ ಸಾಲಿನ ಸರದಿ ಬರತ್ತೆ, ಎಬ್ಬಿಸದೆ ಬಿಟ್ರೆ ಬಿಟ್ಟಿದ್ದು ಎಲ್ರಿಗೂ ಗೊತ್ತಾಗತ್ತೆ, ಅದು ಇನ್ನೊಂದು ಥರ ಎಬ್ಬಿಸಿದಂಗೇ. ಆ ಎರಡು ಪದ ಪೆನ್ನಲ್ಲೇ ಬರೆದಿದ್ದೆ, ನಿನ್ನೆ ಸಂಜೆ ಹೊಡೆದು ಹಾಕಿದೆ. ಪಕ್ಕದಲ್ಲಿ ಏನು ಬರೀಬೇಕು ಅಂತ ಇನ್ನೂ ಹೊಳೆದಿಲ್ಲ.